ಹಿರಿಯ ದಾದಿಯ ಆಕ್ಷೇಪಣೆಗಳು

14 ಮಾರ್ಚ್ 1951

ಮಾನ್ಯ ನಟಿಯವರಿಗೆ,

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ಇಪ್ಪತ್ತೆರಡು ವರ್ಷದಿಂದ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದೇನೆ. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ರೈಲ್ವೆ ಸ್ಟೇಷನ್ ದಾಟಿ ಹೋಗುತ್ತದೆ ಎಂದು ನಮ್ಮ ವಾರ್ಡಿನ ಆಯಾ ಹೇಳುತ್ತಾಳೆ. ಹೋದ ಭಾನುವಾರ ಅವಳೇ ನನ್ನನ್ನು ಎಳೆದುಕೊಂಡು ನಿಮ್ಮ ಸಿನಿಮಾಕ್ಕೆ ಹೋದಳು.

ನಿಮಗೆ ಹೆರಿಗೆಯಾಗುವ ದೃಶ್ಯದಲ್ಲಿ ಹೆಂಗಸರು ನಾಲ್ಕು ದೊಡ್ಡ ಪಾತ್ರೆ ನೀರು ಕಾಯಿಸಿದರು. ಆಮೇಲೆ ಆ ನೀರು ಏನಾಯಿತು? ಒಂದು ಲೋಟವೂ ಒಳಗೆ ಬರಲಿಲ್ಲ. ನೀವು ಎರಡು ಸಲ ಕೂಗಿ ಮುಖ ಆ ಕಡೆ ತಿರುಗಿಸಿದಿರಿ, ಮಗು ಹುಟ್ಟಿಬಿಟ್ಟಿತು. ತುಟಿಯ ಬಣ್ಣ ಹಾಗೇ ಇತ್ತು. ಹೋಗಲಿ, ಸಿನಿಮಾ ಅಲ್ಲವೇ ಅಂದುಕೊಂಡೆ. ಆದರೆ ಮಗುವನ್ನು ನೀವು ಎತ್ತಿಕೊಂಡಾಗ ನನಗೆ ಕೂರಲಾಗಲಿಲ್ಲ. ಅಂಚೆಯಲ್ಲಿ ಬಂದ ಪಾರ್ಸೆಲ್ಲಿನ ಹಾಗೆ ಎರಡೂ ಕೈ ಚಾಚಿ ಹಿಡಿದಿರಿ. ಅದರ ತಲೆ ಹಿಂದಕ್ಕೆ ಜೋತುಬಿದ್ದಿತ್ತು. "ಕತ್ತು, ಕತ್ತು" ಎಂದು ನಾನು ಕೂಗಿಬಿಟ್ಟೆ. ಹಿಂದಿನ ಸಾಲಿನವರು, "ಸುಮ್ನೆ ಕೂತ್ಕೊಳ್ಳಮ್ಮ, ನಾವೂ ದುಡ್ಡು ಕೊಟ್ಟು ಬಂದಿದೀವಿ" ಅಂದರು.

ಹದಿನೆಂಟು ಹತ್ತೊಂಬತ್ತರ ಹುಡುಗಿಯರು ಮೊದಲ ಹೆರಿಗೆಗೆ ನಮ್ಮಲ್ಲಿಗೆ ಬರುತ್ತಾರೆ. ಅವರು ನನ್ನ ಮಾತು ಕೇಳುವುದಕ್ಕಿಂತ ನಿಮ್ಮನ್ನು ನೋಡಿ ಕಲಿಯುವುದೇ ಹೆಚ್ಚು. ಅದಕ್ಕೇ ಬರೆಯಬೇಕಾಯಿತು. ಮಿಕ್ಕಂತೆ ನಿಮ್ಮ ಅಭಿನಯ ಚೆನ್ನಾಗಿದೆ.

ಇಂತಿ,
ಹಿರಿಯ ದಾದಿ, ಹೆರಿಗೆ ಆಸ್ಪತ್ರೆ


20 ಏಪ್ರಿಲ್ 1951

ಮಾನ್ಯರೇ,

ನಿಮ್ಮ ಸಹಿ ಇರುವ ಭಾವಚಿತ್ರ ತಲುಪಿತು. ನಾನು ಭಾವಚಿತ್ರ ಕೇಳಿರಲಿಲ್ಲ. ಅದನ್ನು ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ. ಕೇಳಿದವರಿಗೆ ಕೊಡಿ. ನೀರಿನ ವಿಷಯಕ್ಕೆ ಉತ್ತರ ಬಂದಿಲ್ಲ.

ಹಿರಿಯ ದಾದಿ


2 ಮೇ 1951

ದಾದಿಯಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಎರಡು ಕಾಗದವನ್ನೂ ಇವತ್ತು ಒಟ್ಟಿಗೆ ಓದಿದೆ. ನನಗೆ ಬರುವ ಕಾಗದಗಳನ್ನು ಸ್ಟುಡಿಯೋದ ಗುಮಾಸ್ತರು ಒಡೆಯುತ್ತಾರೆ, ಎಲ್ಲರಿಗೂ ಒಂದೊಂದು ಭಾವಚಿತ್ರ ಕಳಿಸುತ್ತಾರೆ, ಸಹಿಯನ್ನೂ ಅವರೇ ಹಾಕುತ್ತಾರೆ. ನನಗಿಂತ ಚೆನ್ನಾಗಿ ಹಾಕುತ್ತಾರೆ. ವಾಪಸು ಬಂದ ಮೊದಲ ಭಾವಚಿತ್ರ ನಿಮ್ಮದು. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಏನೆಂದು ನೋಡಲು ಹೋಗಿ ಸಿಕ್ಕಿಬಿದ್ದೆ.

ನೀರಿನಿಂದ ನಾವೆಲ್ಲ ಚಹಾ ಮಾಡಿಕೊಂಡು ಕುಡಿದೆವು. ಇನ್ನು ಮಗುವಿನ ವಿಷಯ. ಮೊದಲು ನಿಜವಾದ ಮಗುವನ್ನೇ ತಂದಿದ್ದರು. ದೀಪ ಹಾಕಿದ ಕೂಡಲೇ ಅದು ಕಿರುಚಲು ಶುರುಮಾಡಿತು. ಅದರ ತಾಯಿ ಎತ್ತಿಕೊಂಡು ಸೀದಾ ಮನೆಗೆ ಹೋಗಿಬಿಟ್ಟಳು. ನೀವು ನೋಡಿದ್ದು ಬಟ್ಟೆ ಸುತ್ತಿದ ಮರಳು ಚೀಲ. ಅದಕ್ಕೆ ಕತ್ತು ಎಲ್ಲಿಂದ ತರಲಿ? ಆದರೂ ತಪ್ಪು ನನ್ನದೇ. ನಾನು ಮನೆಗೆ ಕೊನೆಯವಳು, ಮಗು ಎತ್ತಿ ಆಡಿಸಿದವಳಲ್ಲ. ಎರಡು ವರ್ಷದ ಹಿಂದಿನವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು "ನಂಬರ್ ಹೇಳಿ" ಅನ್ನುತ್ತಿದ್ದೆ. ಒಬ್ಬ ನಿರ್ದೇಶಕರು ಟ್ರಂಕ್ ಕಾಲ್‌ಗೆ ಕಾದು ಕಾದು ರೇಗಿ ನನ್ನ ಜೊತೆ ಜಗಳಕ್ಕೆ ನಿಂತರು. ಅವರಿಗೆ ಕಾಲ್ ಸಿಗಲಿಲ್ಲ, ನಾನು ಸಿಕ್ಕಿದೆ. ಯಾವಾಗಲೂ ಗೊಣಗುವುದರಿಂದ ಅವರನ್ನು ನಾವು ಗೊಣಗಪ್ಪ ಅನ್ನುತ್ತೇವೆ.

ಅವರ ಮುಂದಿನ ಚಿತ್ರದಲ್ಲಿ ನನ್ನದು ದಾದಿಯ ಪಾತ್ರ. ನೀವು ನೋಡಿ ಬೈಯುವುದಕ್ಕಿಂತ ಮೊದಲೇ ಹೇಳಿಕೊಟ್ಟರೆ ಇಬ್ಬರಿಗೂ ಅನುಕೂಲ.

ನಿಮ್ಮ,
ಮರಳು ಚೀಲದ ತಾಯಿ


16 ಮೇ 1951

ನಟಿಯಮ್ಮನವರಿಗೆ,

ಕೇಳಿದಿರಿ, ಹೇಳುತ್ತೇನೆ. ವಾರ್ಡಿನಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಟಕಟಕ ಸದ್ದಿಗೆ ಈಗಷ್ಟೇ ಮಲಗಿದ ಹೆಂಗಸು ಎದ್ದು ಕೂರುತ್ತಾಳೆ. ದಾದಿ ಓಡುವುದಿಲ್ಲ, ಬೇಗ ನಡೆಯುತ್ತಾಳೆ. ನಾಡಿ ಹಿಡಿದಾಗ ರೋಗಿಯ ಮುಖ ನೋಡಬೇಡಿ, ಗಡಿಯಾರ ನೋಡಿ. ಕೈ ತೊಳೆಯುವುದನ್ನು ತೋರಿಸದಿದ್ದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಮುಖ್ಯವಾದದ್ದು ಇನ್ನೊಂದಿದೆ. ದಾದಿ ಹಾಸಿಗೆಯ ಪಕ್ಕ ಅಳುವುದಿಲ್ಲ. ಅಳುವುದಕ್ಕೆ ಬಟ್ಟೆ ಕೋಣೆ ಇದೆ. ಹಾಸಿಗೆ ಬಟ್ಟೆಗಳನ್ನು ಮಡಿಸಿಡುತ್ತಾ ಗೋಡೆ ಕಡೆ ತಿರುಗಿಕೊಂಡರೆ ಎರಡು ನಿಮಿಷ ಯಾರೂ ಕೇಳುವುದಿಲ್ಲ.

ಹಿರಿಯ ದಾದಿ


11 ಜನವರಿ 1953

ಪ್ರೀತಿಯ ದಾದಿಯಮ್ಮ,

ಚಿತ್ರ ನಿಮ್ಮೂರಿಗೆ ಬಂದಿರಬಹುದು. ಅದಕ್ಕೆ ಮೊದಲು ಇಲ್ಲಿ ನಡೆದ ಯುದ್ಧ ಕೇಳಿ. ಕೊನೆಯ ದೃಶ್ಯದಲ್ಲಿ ರೋಗಿ ಸತ್ತಾಗ ನಾನು ಅವನ ಎದೆ ಮೇಲೆ ಬಿದ್ದು ಅಳಬೇಕಿತ್ತು. "ದಾದಿ ಅಲ್ಲಿ ಅಳಲ್ಲ" ಅಂದೆ. ಗೊಣಗಪ್ಪ, "ಟಿಕೆಟ್ ತಗೊಂಡೋರು ಎಲ್ಲಿ ಅಳಬೇಕು ಹಾಗಾದ್ರೆ?" ಅಂದರು. "ಬಟ್ಟೆ ಕೋಣೇಲಿ" ಅಂದೆ. ಅರ್ಧ ದಿನ ಶೂಟಿಂಗ್ ನಿಂತಿತು. ಕೊನೆಗೆ, "ನಿನ್ನ ಹಟಾನೇ ನಡೀಲಿ, ಹಾಳಾದ್ರೆ ನೀನೇ ಹೊಣೆ" ಅಂತ ಕ್ಯಾಮೆರಾ ತಿರುಗಿಸಿದರು. ನಾನು ಕಪಾಟಿನ ಕಡೆ ತಿರುಗಿ ಸುಮ್ಮನೆ ಬಟ್ಟೆ ಮಡಿಸಿದೆ. ಅವರಿಗೆ ನನ್ನ ಬೆನ್ನು ಮಾತ್ರ ಕಂಡಿತು. ಈಗ ಪತ್ರಿಕೆಗಳೆಲ್ಲ ಆ ಬೆನ್ನನ್ನೇ ಹೊಗಳುತ್ತಿವೆ. ಬೆನ್ನು ತೋರಿಸಿ ಪ್ರಶಸ್ತಿ ತಗೊಂಡವಳು ನಾನೊಬ್ಬಳೇ ಇರಬೇಕು.

ಇನ್ನೊಂದು ಸುದ್ದಿ. ಹೋದ ತಿಂಗಳು ಮದುವೆಯಾದೆ. ಅವರು ನಮ್ಮ ಸ್ಟುಡಿಯೋದಲ್ಲಿ ಧ್ವನಿ ಮುದ್ರಿಸುವವರು. ಇಡೀ ದಿನ "ಸೈಲೆನ್ಸ್" ಎಂದು ಕೂಗಿ, ಮನೆಗೆ ಬಂದು ತಾವೇ ಅದನ್ನು ಪಾಲಿಸುತ್ತಾರೆ. ಮನೆಯಲ್ಲಿ ಮಾತೆಲ್ಲ ನನ್ನದೇ. ಸುಖವಾಗಿದ್ದೇನೆ.

ನಿಮ್ಮ ಶಿಷ್ಯೆ


3 ಫೆಬ್ರವರಿ 1953

ಶಿಷ್ಯೆಗೆ ಆಶೀರ್ವಾದಗಳು.

ಪಾಳಿ ಮುಗಿದ ದಾದಿಯರೆಲ್ಲ ಸೇರಿ ಹೋಗಿದ್ದೆವು. ಒಂಬತ್ತು ಜನ. ತೆರೆಯ ಮೇಲೆ ಹೆಸರು ತೋರಿಸುವಾಗಲೇ ಆಯಾ ಅಳಲು ಶುರುಮಾಡಿದಳು. "ಇನ್ನೂ ಏನೂ ಆಗಿಲ್ವಲ್ಲೇ" ಅಂದರೆ, "ಮುಂದೆ ಆಗತ್ತಲ್ಲಕ್ಕ" ಅಂದಳು. ನೀವು ಕೈ ತೊಳೆದಾಗ ನಾವು ಒಂಬತ್ತೂ ಜನ ಚಪ್ಪಾಳೆ ತಟ್ಟಿದೆವು. ಥಿಯೇಟರಿನವರಿಗೆ ಯಾಕೆಂದು ಗೊತ್ತಾಗಲಿಲ್ಲ.

ಬಟ್ಟೆ ಕೋಣೆ ಬಂದಾಗ ನಮ್ಮ ಸಾಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಕ್ಷೇಪಣೆ ಒಂದೇ. ಬಟ್ಟೆಯ ಮೂಲೆಗೆ ಮೂಲೆ ಕೂಡಿರಲಿಲ್ಲ. ನನ್ನ ವಾರ್ಡಿನಲ್ಲಾಗಿದ್ದರೆ ಬಿಚ್ಚಿಸಿ ಮತ್ತೆ ಮಡಿಸಲು ಹೇಳುತ್ತಿದ್ದೆ. ಯಜಮಾನರಿಗೂ ಆಶೀರ್ವಾದ ತಿಳಿಸಿ.

ನಿಮ್ಮ ದಾದಿಯಮ್ಮ


9 ನವೆಂಬರ್ 1956

ದಾದಿಯಮ್ಮ,

ಬಹಳ ದಿನ ಬರೆಯಲಾಗಲಿಲ್ಲ. ಮೈಯಲ್ಲಿ ಸ್ವಲ್ಪ ಹುಷಾರಿರಲಿಲ್ಲ. ಎರಡು ತಿಂಗಳಿಂದ ಮನೆಯಲ್ಲೇ ಇದ್ದೇನೆ. ವಿಶೇಷವೇನಿಲ್ಲ.

ನಿಮ್ಮ ಶಿಷ್ಯೆ


30 ನವೆಂಬರ್ 1956

ಶಿಷ್ಯೆಗೆ,

ಎರಡು ತಿಂಗಳು ಮನೆಯಲ್ಲಿ ಕೂರುವಂಥ ಆಯಾಸ ಬಣ್ಣ ಹಚ್ಚಿಕೊಳ್ಳುವವರಿಗೂ ಇರುತ್ತದೆ ಎಂದು ಈಗ ತಿಳಿಯಿತು. ನಮ್ಮಲ್ಲಿ ಹೆತ್ತ ಮೂರನೇ ವಾರಕ್ಕೆ ಕಾರ್ಖಾನೆಗೆ ಹೋಗುವವರಿದ್ದಾರೆ. ಎದ್ದು ನಾಲ್ಕು ಹೆಜ್ಜೆ ಓಡಾಡಿ, ಸರಿಹೋಗುತ್ತದೆ. ಹೊಸ ಚಿತ್ರ ಯಾವಾಗ? ಆಯಾ ಕೇಳುತ್ತಾಳೆ. ಅವಳ ಕಣ್ಣೀರು ಸುಮ್ಮನೆ ವ್ಯರ್ಥವಾಗುತ್ತಿದೆ.

ದಾದಿಯಮ್ಮ


5 ಜುಲೈ 1960

ದಾದಿಯಮ್ಮನವರಿಗೆ,

ಮೂರೂವರೆ ವರ್ಷವಾಯಿತು. ಕೆಲಸದ ಗಡಿಬಿಡಿ ಎಂದು ಬರೆದರೆ ನೀವು ನಂಬುವುದಿಲ್ಲ, ಹಾಗಾಗಿ ಕಾರಣ ಬರೆಯುವುದಿಲ್ಲ.

ನನಗೆ ಬಡ್ತಿ ಸಿಕ್ಕಿದೆ. ನಾನೀಗ ನಾಯಕನ ತಾಯಿ. ಮೂವತ್ತನಾಲ್ಕಕ್ಕೆ ತಲೆಗೆ ಬಿಳಿ ಪುಡಿ ಬಳಿಸಿಕೊಂಡು, "ಮಗನೇ, ಊಟ ಮಾಡೋ" ಅನ್ನುತ್ತೇನೆ. ಆ ಮಗ ನನಗಿಂತ ಆರು ವರ್ಷ ದೊಡ್ಡವನು, ಸೊಂಟದ ಪಟ್ಟಿ ಬಿಗಿದು ಹೊಟ್ಟೆ ಒಳಗೆಳೆದುಕೊಂಡು ಕುಣಿಯುತ್ತಾನೆ. ಎಂಟು ವರ್ಷದ ಹಿಂದೆ ಇದೇ ಮಹರಾಯ ನನ್ನ ಪ್ರೇಮಿಯಾಗಿದ್ದ. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಎಲ್ಲ ದಿನವೂ ನಗು ಬರುವುದಿಲ್ಲ.

ನಿಮ್ಮ ಶಿಷ್ಯೆ


22 ಜುಲೈ 1960

ಶಿಷ್ಯೆಗೆ ಆಶೀರ್ವಾದಗಳು.

ಆರು ವರ್ಷ ದೊಡ್ಡವನೆಂದರೆ ನೀವು ಹುಟ್ಟುವುದಕ್ಕೆ ಆರು ವರ್ಷ ಮೊದಲೇ ಅವನನ್ನು ಹೆತ್ತಂತಾಯಿತು. ನನ್ನ ಇಷ್ಟು ವರ್ಷದ ಸೇವೆಯಲ್ಲಿ ಅಂಥ ಹೆರಿಗೆ ನೋಡಿಲ್ಲ. ಡಾಕ್ಟರಿಗೂ ಹೇಳಿದೆ. ಪುಸ್ತಕದಲ್ಲೂ ಇಲ್ಲವಂತೆ.

ನಿಮ್ಮ ಕಾಗದ ಬಂತೇ ಎಂದು ನಾನು ದಿನವೂ ನೋಡುತ್ತಿದ್ದೆ ಎಂದು ಆಯಾ ಬರೆಯಲು ಹೇಳುತ್ತಿದ್ದಾಳೆ. ಅವಳ ಮಾತು ನಂಬಬೇಡಿ. ವಾರಕ್ಕೊಮ್ಮೆ ನೋಡುತ್ತಿದ್ದೆ. ಬಿಳಿ ಪುಡಿ ತೊಳೆದುಕೊಂಡು ಒಳ್ಳೆ ಪಾತ್ರ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ದಾದಿಯಮ್ಮ


26 ಫೆಬ್ರವರಿ 1963

ಪ್ರೀತಿಯ ದಾದಿಯಮ್ಮ,

ಕೇಳಿದೆ, ಸಿಕ್ಕಿತು. ಗೊಣಗಪ್ಪನ ಹೊಸ ಚಿತ್ರದಲ್ಲಿ ನಾನು ಬಸ್ ಡ್ರೈವರ್. ಹಾಡಿಲ್ಲ, ಪ್ರೇಮಿಯಿಲ್ಲ, ಬಿಳಿ ಪುಡಿಯಂತೂ ಇಲ್ಲವೇ ಇಲ್ಲ. ಗಂಡ ತೀರಿಕೊಂಡ ಮೇಲೆ ಅವನ ಹಳೇ ಬಸ್ಸನ್ನು ತಾನೇ ಓಡಿಸುವ ಹೆಂಗಸಿನ ಕಥೆ. ಇಂಥ ಪಾತ್ರಕ್ಕೆ ಹನ್ನೆರಡು ವರ್ಷ ಕಾದಿದ್ದೇನೆ. ಮೂರು ಫೋಟೋ ಕಳಿಸಿದ್ದೇನೆ. ಇವನ್ನು ವಾಪಸು ಕಳಿಸಬೇಡಿ.

ನಿಮ್ಮ ಶಿಷ್ಯೆ


8 ಮಾರ್ಚ್ 1963

ಶಿಷ್ಯೆಗೆ,

ಫೋಟೋ ನೋಡಿದೆ. ಡ್ರೈವರ್ ಕೋಟು ಒಪ್ಪುತ್ತದೆ. ಮೊದಲನೆಯದರಲ್ಲಿ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದೀರಿ, ಎರಡನೆಯದರಲ್ಲಿ ಸ್ಟೇರಿಂಗ್ ಹಿಡಿದಿದ್ದೀರಿ, ಮೂರನೆಯದರಲ್ಲಿ ಗೊಣಗಪ್ಪನವರ ಜೊತೆ ನಿಂತಿದ್ದೀರಿ. ಮೂರರಲ್ಲೂ ಒಂದು ಕೈ ಕೆಲಸ ಮಾಡುತ್ತಿದೆ. ಇನ್ನೊಂದು ಕೈ ಕೋಟಿನ ಮೂರನೇ ಗುಂಡಿಯ ಮೇಲಿದೆ. ಆ ಕೈ ನನಗೆ ಗೊತ್ತು. ಮೂವತ್ತು ವರ್ಷ ಆ ಕೈಗಳನ್ನೇ ನೋಡಿಕೊಂಡು ಬಂದಿದ್ದೇನೆ.

ನಾಲ್ಕನೇ ತಿಂಗಳೇ?

ದಾದಿಯಮ್ಮ


17 ಮಾರ್ಚ್ 1963

ದಾದಿಯಮ್ಮನವರಿಗೆ,

ಕೋಟು ಸಡಿಲವಾಗಿತ್ತು, ಅದಕ್ಕೆ ಹಿಡಿದುಕೊಂಡಿದ್ದೆ. ನೀವು ತಪ್ಪು ತಿಳಿದಿದ್ದೀರಿ. ದಯವಿಟ್ಟು ಈ ಮಾತನ್ನು ಯಾರ ಹತ್ತಿರವೂ ಆಡಬೇಡಿ.


4 ಏಪ್ರಿಲ್ 1963

ಅಕ್ಕ,

ಇವತ್ತು ಹೀಗೆ ಕರೆಯಬೇಕು ಅನ್ನಿಸಿತು.

ನೀವು ಹೇಳಿದ್ದು ನಿಜ. ಈಗ ಐದು ನಡೆಯುತ್ತಿದೆ. ನಮ್ಮವರಿಗೆ ಮಾತ್ರ ಗೊತ್ತು. ಯಾರಿಗೂ ಹೇಳಲಿಲ್ಲ, ಯಾಕೆಂದರೆ ಹೇಳಿದಾಗಲೆಲ್ಲ ಕಳೆದುಕೊಂಡಿದ್ದೇನೆ. ಐವತ್ತಾರರಲ್ಲಿ ಒಂದು, ಐವತ್ತೆಂಟರಲ್ಲಿ ಒಂದು. ಎದ್ದು ನಾಲ್ಕು ಹೆಜ್ಜೆ ಓಡಾಡಿ ಎಂದು ಬರೆದಿದ್ದಿರಿ ನೋಡಿ, ಆಗ ಮೊದಲನೆಯದು ಹೋಗಿತ್ತು. ನಿಮಗೆ ಹೇಗೆ ಗೊತ್ತಾಗಬೇಕು, ನಾನೇ "ವಿಶೇಷವೇನಿಲ್ಲ" ಎಂದು ಬರೆದಿದ್ದೆ. ಆದರೂ ಮೂರೂವರೆ ವರ್ಷ ನಿಮ್ಮ ಮೇಲೆ ಕೋಪ ಇಟ್ಟುಕೊಂಡಿದ್ದೆ.

ನಿನ್ನೆ ಹೊಲಿಗೆಯವಳು ಕೋಟನ್ನು ಎರಡನೇ ಸಲ ಬಿಡಿಸಿ ಹೊಲಿಯುತ್ತಾ ನನ್ನ ಮುಖ ನೋಡಿದಳು. ಇನ್ನು ಮುಚ್ಚಿಡಲಾಗುವುದಿಲ್ಲವೆಂದು ನಾನೇ ಹೋಗಿ ಹೇಳಿದೆ. ನಿರ್ಮಾಪಕರು, "ಹೊಟ್ಟೆ ಹೊತ್ತ ಡ್ರೈವರನ್ನ ಯಾರಮ್ಮ ನೋಡ್ತಾರೆ? ಬೇರೆಯವರನ್ನ ಹಾಕ್ಕೋತೀವಿ" ಅಂದರು. ಗೊಣಗಪ್ಪ ಒಂದು ಮಾತೂ ಆಡಲಿಲ್ಲ, ಗೊಣಗಲೂ ಇಲ್ಲ. ಅದೇ ನನಗೆ ಭಯ.

ನನಗೆ ಮಗು ಬೇಕು ಅಕ್ಕ. ಈ ಪಾತ್ರವೂ ಬೇಕು. ಎರಡೂ ಬೇಕೆನ್ನುವುದು ದುರಾಸೆಯೇ? ನಿಮ್ಮ ಸಿಟ್ಟು ಬಿಟ್ಟು ಬರೆಯಿರಿ.

ನಿಮ್ಮ ತಂಗಿ


9 ಏಪ್ರಿಲ್ 1963

ತಂಗಿ,

ಅಕ್ಕ ಅಂದ ಮೇಲೆ ಇನ್ನು ನೀನು ಅಂತಲೇ ಬರೆಯುತ್ತೇನೆ.

ಐವತ್ತಾರರ ಆ ಕಾಗದದಲ್ಲಿ ಏನು ಬರೆದಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಸಾವಿರಾರು ಹೆಂಗಸರ ಮುಖ ನೋಡಿ ತಿಂಗಳು ಹೇಳಿದವಳು ನಾನು, ಒಂದು ಸಾಲಿನ ಕಾಗದ ಓದಲು ಬರಲಿಲ್ಲ. ಕ್ಷಮಿಸು. ನಿನ್ನೆ ಬಟ್ಟೆ ಕೋಣೆಯ ಅವಶ್ಯಕತೆ ನನಗೂ ಬಿತ್ತು.

ದುರಾಸೆ ಅಲ್ಲ. ಬಸುರಿ ಹೆಂಗಸರು ಗದ್ದೆಯಲ್ಲಿ, ಕಾರ್ಖಾನೆಯಲ್ಲಿ, ನನ್ನ ವಾರ್ಡಿನಲ್ಲಿ ಕೆಲಸ ಮಾಡುತ್ತಾರೆ. ನಿಮ್ಮ ಗೊಣಗಪ್ಪನವರನ್ನು ಒಂದೇ ಮಾತು ಕೇಳು: ಆ ಡ್ರೈವರಮ್ಮನ ಗಂಡ ಸತ್ತಾಗ ಅವಳು ಬಸುರಿಯಾಗಿದ್ದರೆ ಕಥೆಗೆ ಏನು ನಷ್ಟ? ಹೊಟ್ಟೆಯಲ್ಲೊಂದು ಮಗು, ಹಿಂದೆ ನಲವತ್ತು ಪ್ರಯಾಣಿಕರು. ನಾನಾದರೆ ಟಿಕೆಟ್ ತೆಗೆದುಕೊಂಡು ನೋಡುತ್ತೇನೆ.

ಆದರೆ ಎರಡು ಹೋಗಿರುವಾಗ ಈ ಸಲ ನಿನ್ನನ್ನು ಒಬ್ಬಳನ್ನೇ ಬಿಡುವಂತಿಲ್ಲ. ಆಸ್ಪತ್ರೆಯಲ್ಲಿ ದೀರ್ಘ ರಜೆ ಸಿಕ್ಕಿದೆ. ಸೋಮವಾರದ ರೈಲಿಗೆ ಹೊರಡುತ್ತೇನೆ. ಸ್ಟೇಷನ್ನಿಗೆ ನೀನು ಬರಬೇಡ, ಯಜಮಾನರನ್ನು ಕಳಿಸು. ಅವರು ಮಾತಾಡದಿದ್ದರೂ ಪರವಾಗಿಲ್ಲ, ಪೆಟ್ಟಿಗೆ ಹಿಡಿದುಕೊಂಡರೆ ಸಾಕು.

ನಿನ್ನ ಅಕ್ಕ


29 ಸೆಪ್ಟೆಂಬರ್ 1963

ಅಕ್ಕ,

ನೀವು ಹೊರಟು ಹತ್ತು ದಿನವಾಯಿತು, ಮನೆ ಬಿಕೋ ಅನ್ನುತ್ತಿದೆ. ನಮ್ಮ ಪುಟ್ಟಿ ಏಳು ವಾರ ತುಂಬಿಸಿಕೊಂಡು ಕೆನ್ನೆ ಉಬ್ಬಿಸಿಕೊಂಡಿದ್ದಾಳೆ. ಅವಳ ಅಪ್ಪ ಹನ್ನೊಂದು ವರ್ಷ ಉಳಿಸಿಟ್ಟ ಮಾತನ್ನೆಲ್ಲ ಅವಳ ಮುಂದೆ ಖರ್ಚು ಮಾಡುತ್ತಿದ್ದಾರೆ. ಅವಳ ಅಳುವನ್ನು ಮೈಕಿನಲ್ಲಿ ಹಿಡಿದು, "ಎಷ್ಟು ಸ್ಪಷ್ಟವಾಗಿದೆ ನೋಡು" ಅಂತ ಬಂದವರಿಗೆಲ್ಲ ಕೇಳಿಸುತ್ತಾರೆ.

ಡ್ರೈವರಮ್ಮ ಬಸುರಿಯಾಗಿರಲಿ ಎಂಬ ನಿಮ್ಮ ಮಾತನ್ನು ಗೊಣಗಪ್ಪ ಒಪ್ಪಿ ನನ್ನನ್ನೇ ಉಳಿಸಿಕೊಂಡರಲ್ಲ, ಆ ಸ್ಟುಡಿಯೋದವರು ನಿಮ್ಮನ್ನು ಇನ್ನೂ ಮರೆತಿಲ್ಲ. ಬಸ್ಸು ಓಡುತ್ತಿದೆ ಎಂದು ತೋರಿಸಲು ನಾಲ್ಕು ಜನ ಹೊರಗಿನಿಂದ ಬಸ್ಸನ್ನು ಅಲ್ಲಾಡಿಸುತ್ತಿದ್ದರಲ್ಲ, "ಮೆಲ್ಲಗೆ ಕಣ್ರಪ್ಪ, ಇದು ರಸ್ತೆ, ಒನಕೇಲಿ ಕುಟ್ಟೋದಲ್ಲ" ಎಂದು ನೀವು ಗದರಿದ್ದನ್ನು ಈಗ ಯಾವ ಚಿತ್ರದ ಶೂಟಿಂಗಿನಲ್ಲೂ ಹೇಳಿಕೊಂಡು ನಗುತ್ತಾರಂತೆ. ನಿಜವಾದ ರಸ್ತೆಯಲ್ಲಿ ನನ್ನ ಬದಲು ಬಸ್ ಓಡಿಸಿದ ಡ್ರೈವರಣ್ಣ ಸಿಕ್ಕಿದ್ದ. ತನ್ನ ಮೀಸೆ ಬೋಳಿಸಿ ತಲೆಗೆ ನನ್ನ ಹಾಗೆ ಜಡೆ ಕಟ್ಟಿದ್ದಕ್ಕೆ ಹೆಂಡತಿ ಇನ್ನೂ ನಗುವುದು ನಿಲ್ಲಿಸಿಲ್ಲವಂತೆ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ರಜೆ ಸಿಕ್ಕಿರಲಿಲ್ಲ. ಹೋದ ವರ್ಷವೇ ನಿವೃತ್ತಿಯಾಗಿತ್ತು. ನಿಮ್ಮ ಕಾಗದದ ಮೇಲೆ ಆಸ್ಪತ್ರೆಯ ಮೊಹರು ಬರುವುದು ನಿಂತಾಗಲೇ ಅನುಮಾನ ಬಂದಿತ್ತು. ನೀವಾಗಿ ಹೇಳುವವರೆಗೆ ಕೇಳಬಾರದೆಂದು ಸುಮ್ಮನಿದ್ದೆ. ಐದು ತಿಂಗಳು ಕಾದೆ, ನೀವು ಬಾಯಿ ಬಿಡಲಿಲ್ಲ. ಯಾಕಕ್ಕ?

ನಿಮ್ಮ ತಂಗಿ


12 ಅಕ್ಟೋಬರ್ 1963

ತಂಗಿ,

ಗೊತ್ತಿದ್ದೂ ಐದು ತಿಂಗಳು ನನ್ನ ಮುಂದೆ ಅಭಿನಯಿಸಿದೆ ಅಂದರೆ ನಿನಗೆ ಕೊಟ್ಟ ಪ್ರಶಸ್ತಿಗಳೆಲ್ಲ ಕಡಿಮೆಯಾದವು.

ಯಾಕೆ ಅಂದರೆ ಏನು ಹೇಳಲಿ. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ಕೈ ತೊಳೆದುಕೊಂಡು, ಮಂಚದ ಮೇಲೆ ಕೂತೆ. ಕೈ ಒಣಗಿತು. ಯಾರೂ ಕರೆಯಲಿಲ್ಲ. ನಿನಗೆ ನಾನು ಹಿರಿಯ ದಾದಿಯಾಗಿಯೇ ಪರಿಚಯ. ಅದಿಲ್ಲದೆ ನನ್ನ ಆಕ್ಷೇಪಣೆಗೆ ಬೆಲೆ ಎಲ್ಲಿ ಅನ್ನಿಸಿತು. ಹೀಗೇ ಕೂತು ತಿಂಗಳುಗಳಾದ ಮೇಲೆ ನಿನ್ನ ಮೂರು ಫೋಟೋ ಬಂದವು.

ಆಗಸ್ಟ್ ಆರರ ಮಧ್ಯಾಹ್ನ ನಿನ್ನ ಮಗಳು ಹೊರಗೆ ಬಂದು ಅತ್ತಾಗ ಅಲ್ಲಿನ ಡಾಕ್ಟರು, "ನೀವೇ ಹಿಡ್ಕೊಳ್ಳಿ ಸಿಸ್ಟರ್" ಅಂದರು. ಗೌನಿನ ಮೇಲೆ ನಿವೃತ್ತಿ ಎಂದು ಬರೆದಿರಲಿಲ್ಲ. ನನಗೂ ನೆನಪಿರಲಿಲ್ಲ.

ಅಕ್ಕ


7 ಫೆಬ್ರವರಿ 1964

ಅಕ್ಕ,

ಚಿತ್ರ ಮುಂದಿನ ವಾರ ನಿಮ್ಮೂರಿಗೆ ಬರುತ್ತದೆ. ಇಲ್ಲಿ ಮೂರು ವಾರದಿಂದ ಹೌಸ್‌ಫುಲ್. ಹೊಟ್ಟೆ ಹೊತ್ತ ಡ್ರೈವರನ್ನು ಯಾರು ನೋಡುತ್ತಾರೆ ಅಂದ ನಿರ್ಮಾಪಕರು, ಅದು ತಮ್ಮದೇ ಯೋಚನೆ ಎಂದು ಪತ್ರಿಕೆಯವರಿಗೆ ಹೇಳಿದ್ದಾರೆ. ಗೊಣಗಪ್ಪ ಮುಂದಿನ ಎರಡು ಚಿತ್ರಕ್ಕೂ ನನ್ನನ್ನೇ ಬರೆದುಕೊಂಡಿದ್ದಾರೆ. ಮೂವತ್ತೆಂಟಕ್ಕೆ ಕಾಲಿಡುತ್ತಿರುವವಳಿಗೆ ನಾಯಕಿಯ ಪಾತ್ರ, ಎರಡೆರಡು. ಇಬ್ಬರು ಹೊಸ ಹುಡುಗಿಯರು ಬಂದು, "ನಿಮ್ಮನ್ನ ನೋಡಿ ನಮಗೂ ಧೈರ್ಯ ಬಂತು ಮೇಡಂ" ಅಂದರು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇವೆ, ಗೊಣಗಪ್ಪ, ನಮ್ಮವರು, ನಾನು ಮೂವರೂ ಸೇರಿ. ಈಗ ಹೇಳುವುದಿಲ್ಲ. ಆಯಾಳನ್ನೂ ಕರೆದುಕೊಂಡು ಹೋಗಿ. ಸಿಟ್ಟು ಬಂದರೆ ಬೈದು ಬರೆಯಿರಿ.

ನಿಮ್ಮ ತಂಗಿ


16 ಫೆಬ್ರವರಿ 1964

ತಂಗಿ,

ಮೊದಲು ಬೈಯುತ್ತೇನೆ. ಮೂವರಿಗೂ ಸೇರಿಸಿ ಒಂದೇ ಸಲ: ನಿಮಗೆ ನಾಚಿಕೆಯಾಗಬೇಕು.

ಶೂಟಿಂಗಿನಲ್ಲಿ ಅವತ್ತು ಏನಾಯಿತೆಂದು ನಿನಗೆ ಗೊತ್ತು, ಆದರೂ ನನ್ನ ಕಡೆಯಿಂದ ಕೇಳು. ಬಸ್ಸಿನೊಳಗೆ ನಿನಗೆ ನೋವು ಬರುವ ದೃಶ್ಯ. ಪ್ರಯಾಣಿಕರಲ್ಲೊಬ್ಬಳು ಮುದುಕಿ ಬಂದು ನೋಡಿಕೊಳ್ಳಬೇಕು. ಆ ಪಾತ್ರಕ್ಕೆ ಬಂದಾಕೆ ನಿನ್ನ ಹಣೆ ಸವರುತ್ತಾ ದೇವರನ್ನು ಕರೆಯುತ್ತಾ ಕೂತಿದ್ದಳು. ನಾನು ತಡೆಯಲಾರದೆ ಎದ್ದು ಹೋದೆ. ಗೊಣಗಪ್ಪನವರು, "ಹಾಗಾದ್ರೆ ನೀವೇ ಒಂದ್ಸಲ ಮಾಡಿ ತೋರಿಸಿಬಿಡಿ ಅಮ್ಮ, ಅವರು ನೋಡಿ ಕಲೀಲಿ" ಅಂದರು. ಆಕೆಯ ಶಾಲು ನನ್ನ ಹೆಗಲಿಗೆ ಹಾಕಿದರು. ಕ್ಯಾಮೆರಾ ಮುಂದೆ ಹಿಡಿಯುವ ಹಲಗೆ ಹೊಡೆಯಲಿಲ್ಲ, ಯಾರೂ "ಸೈಲೆನ್ಸ್" ಅನ್ನಲಿಲ್ಲ. ನಾನು ನಿನ್ನ ಪಕ್ಕ ಕೂತು, ಕೋಟು ಬಿಚ್ಚಿಸಿ, ಬೆನ್ನಿಗೆ ಕೈಕೊಟ್ಟು, ವಾರ್ಡಿನಲ್ಲಿ ಮಾತಾಡುವ ಹಾಗೇ ಮಾತಾಡಿದೆ. ತೋರಿಸಿಕೊಟ್ಟೆ ಎಂದುಕೊಂಡು ಚಹಾ ಕುಡಿಯಲು ಹೋದೆ. ಆಮೇಲೆ ಆಕೆ ಮಾಡಿರಬಹುದು ಎಂದು ಇಷ್ಟು ದಿನ ನಂಬಿದ್ದೆ.

ನಿನ್ನೆ ನಾವು ಹನ್ನೊಂದು ಜನ ಹೋಗಿದ್ದೆವು. ನೀನು ಮೊದಲ ಸಲ ಬಸ್ಸು ಶುರುಮಾಡಿದಾಗ ಇಡೀ ಥಿಯೇಟರ್ ಶಿಳ್ಳೆ ಹೊಡೆಯಿತು. ನನ್ನ ಹತ್ತಿರ ಒಂದು ಆಕ್ಷೇಪಣೆಯೂ ಇರಲಿಲ್ಲ, ನೆಮ್ಮದಿಯಾಗಿ ಕೂತಿದ್ದೆ. ಬಸ್ಸು ನಿಂತಿತು. ನೀನು ಸ್ಟೇರಿಂಗ್ ಮೇಲೆ ತಲೆಯಿಟ್ಟೆ. ಹಿಂದಿನ ಸೀಟಿನಿಂದ ಶಾಲು ಹೊದ್ದ ಒಬ್ಬಳು ಎದ್ದು ಬಂದಳು. ಯಾರೋ ಜೋರು ಹೆಂಗಸು ಅಂದುಕೊಂಡೆ. ಆಯಾ ನನ್ನ ತೋಳು ಹಿಡಿದು, "ಅಕ್ಕಾ, ನೀವು" ಅಂದಳು.

ಆಮೇಲೆ ನಡೆದದ್ದು ನನ್ನ ಕೈಮೀರಿತು. ಬಾಲ್ಕನಿಯಿಂದ ಒಬ್ಬಳು, "ನಮ್ಮ ದಾದಿಯಮ್ಮ, ನನ್ನಿಬ್ಬರು ಮಕ್ಕಳನ್ನೂ ಮೊದಲು ಎತ್ತಿಕೊಂಡೋರು" ಎಂದು ಕೂಗಿದಳು. "ನನ್ನ ಮೂವರನ್ನ" ಎಂದು ಕೆಳಗಿನಿಂದ ಇನ್ನೊಬ್ಬಳು. ಒಬ್ಬ ಎತ್ತರದ ಯುವಕ ಎದ್ದು ನಿಂತು, "ನನ್ನನ್ನೂ" ಅಂದ. ಹಿಂದಿನವರು ಅವನನ್ನು ಕೂರು ಅನ್ನಲಿಲ್ಲ, ಅವರೂ ಎದ್ದರು. ಥಿಯೇಟರಿನವನು ದೀಪ ಹಾಕಿ, ಸಿನಿಮಾ ನಿಲ್ಲಿಸಿ, ಮತ್ತೆ ಶುರುಮಾಡಬೇಕಾಯಿತು. ಯಾರ ಯಾರ ಮಕ್ಕಳೋ ಬಂದು ನನ್ನ ಕೈ ಹಿಡಿದುಕೊಂಡರು. ಹೊರಗೆ ಬಂದು ರಿಕ್ಷಾ ಹತ್ತಲು ಒಂದು ಗಂಟೆ ಬೇಕಾಯಿತು. ಆಯಾ ಮಾತ್ರ ಅಳಲಿಲ್ಲ. ಅಳುವುದಕ್ಕೆ ಬಿಡುವೇ ಸಿಗಲಿಲ್ಲ, ಎಲ್ಲರಿಗೂ ನನ್ನನ್ನು ತೋರಿಸುವುದೇ ಕೆಲಸವಾಯಿತಂತೆ.

ಇಷ್ಟೆಲ್ಲ ಆಗುವಾಗ ನಾನೇನು ಮಾಡುತ್ತಿದ್ದೆ ಎಂದು ಕೇಳುತ್ತೀಯ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ತೆರೆಯ ಮೇಲೆ ನಾನು ಸರಿಯಾಗಿ ಮಾಡಿದೆನೋ ಇಲ್ಲವೋ ಒಂದೂ ನೋಡಲಿಲ್ಲ. ಇವತ್ತು ಮಧ್ಯಾಹ್ನದ ಆಟಕ್ಕೆ ಮತ್ತೆ ಟಿಕೆಟ್ ತರಿಸಿದ್ದೇನೆ, ಈ ಸಲ ಒಬ್ಬಳೇ ಹೋಗುತ್ತೇನೆ. ತಪ್ಪೇನಾದರೂ ಕಂಡರೆ ಬರೆಯುತ್ತೇನೆ. ಕಾಣದಿದ್ದರೂ ಬರೆಯುತ್ತೇನೆ.

ನಿನ್ನ ಅಕ್ಕ